ಬಾಲದ ಫಲ ಪಂಚಾಂಗದಲ್ಲಿಲ್ಲ

ಇವತ್ತು ಬೆಳಗಿನ ಜಾವ ನಾಲ್ಕೂವರೆಗೆ ನನ್ನ ದಿಂಬಿನ ಮೇಲೆ ಒಂದು ಬಾಲ ಕುಣಿಯುತ್ತಿತ್ತು. ಬರೀ ಬಾಲ. ಹಲ್ಲಿಯದು. ಪಕ್ಕದಲ್ಲಿ ನಮ್ಮ ಬೆಕ್ಕು ಚಿನ್ನಿ, ಪ್ರಸಾದ ಹಂಚಿ ಮುಗಿಸಿದ ಭಟ್ಟರ ಹಾಗೆ ಕೂತಿದ್ದಳು.

ನಾನು ಕಿರುಚಿದ್ದಕ್ಕೆ ಅಮ್ಮ ಎದ್ದು ಬಂದರು. ನನ್ನನ್ನೇನೂ ವಿಚಾರಿಸಲಿಲ್ಲ, ಸೀದಾ ಪಂಚಾಂಗ ತೆಗೆದರು. ಹಲ್ಲಿ ತಲೆ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು, ಎಲ್ಲಾ ಇದೆ. "ಬರೀ ಬಾಲ ಬಿದ್ದರೆ ಏನೂ ಬರೆದಿಲ್ಲ ಕಣೋ. ಅದೂ ದಿಂಬಿನ ಮೇಲೆ." ಯಾವುದಕ್ಕೂ ಇರಲಿ ಅಂತ ನನಗೆ ತಲೆಸ್ನಾನ ಮಾಡಿಸಿದರು. ಗೀಸರ್ ಕಾಯುವ ಮೊದಲೇ.

ಚಿನ್ನಿ ಹೊಟ್ಟೆಗಿಲ್ಲದೆ ಬೇಟೆಗೆ ಇಳಿದಿದ್ದಾಳೆ ಅಂದುಕೊಳ್ಳಬೇಡಿ. ಅವಳ ಊಟದ ಪ್ಯಾಕೆಟ್ಟಿಗೆ ನಮ್ಮ ಸೋನಾ ಮಸೂರಿಗಿಂತ ಜಾಸ್ತಿ ಬೆಲೆ. ಬೆಕ್ಕಿಗೆ ಹಸಿವೇ ಬೇರೆ, ಬೇಟೆಯೇ ಬೇರೆ. ದಿನಕ್ಕೆ 12ರಿಂದ 16 ಗಂಟೆ ಮಲಗಿ, ಕತ್ತಲು ಬೆಳಕು ಕೂಡುವ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬರುತ್ತಾಳೆ. ನನಗೆ ಸವಿನಿದ್ದೆ ಹತ್ತುವುದೂ ಆಗಲೇ, ಏನು ಮಾಡಲಿ?

ನಿನ್ನೆ ಸಂಜೆ ಅವಳ ಬೇಟೆ ನನ್ನ ಚಾರ್ಜರ್ ವೈರು. ಮೈ ನೆಲಕ್ಕೆ ಅಂಟಿಸಿ, ಕಣ್ಣು ಗುಂಡಗೆ ಮಾಡಿ, ಹಿಂಭಾಗವನ್ನು ಎಡಕ್ಕೂ ಬಲಕ್ಕೂ ಕುಲುಕಿಸಿದಳು. ಮತ್ತೆ ಕುಲುಕಿಸಿದಳು. ನೋಡುತ್ತಾ ನನ್ನ ಕಾಫಿ ಆರಿತು. ಕೊನೆಗೂ ನೆಗೆದಳು. ವೈರು ತಪ್ಪಿತು, ತಲೆ ಟೀಪಾಯಿಗೆ ಬಡಿಯಿತು. ತಕ್ಷಣ ಕೂತು ಮುಂಗಾಲು ನೆಕ್ಕತೊಡಗಿದಳು, ಅಷ್ಟು ದೂರ ಬಂದಿದ್ದೇ ಕಾಲು ನೆಕ್ಕಲು ಅನ್ನೋ ಹಾಗೆ. ನಾನು ನಕ್ಕೆ. ತಿರುಗಿ ನೋಡಲಿಲ್ಲ. ಇನ್ನೊಂದು ಕಾಲು ನೆಕ್ಕಿದಳು. ಆಮೇಲೆ ಬೆನ್ನು. ನಾನೂ ಸ್ಟಾಪಿನಲ್ಲಿ ಕೈ ಅಡ್ಡ ಹಿಡಿದಾಗ ಬಸ್ಸು ನಿಲ್ಲದೆ ಹೋದರೆ ಅದೇ ಕೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತೇನೆ. ಆದರೆ ಆಮೇಲೆ ಮೂರು ದಿನ ಕೊರಗುತ್ತೇನೆ. ಅವಳು ಎರಡೇ ನಿಮಿಷದಲ್ಲಿ ಅದೇ ವೈರಿಗೆ ಮತ್ತೆ ಹೊಂಚು ಹಾಕಿದ್ದಳು.

ಬಾಲ ಕಳಕೊಂಡ ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಕ್ಷೇಮವಾಗಿದೆ. ಬಾಲವನ್ನು ಕುಣಿಯಲು ಬಿಟ್ಟು ತಾನು ಜಾರಿಕೊಳ್ಳುವುದು ಅದರ ಹಳೇ ಉಪಾಯ. ಬಾಲ ಮತ್ತೆ ಬೆಳೆಯುತ್ತದೆ ಬಿಡಿ. ಅದು ಲೊಚಗುಟ್ಟಿದಾಗಲೆಲ್ಲ ಅಜ್ಜಿ ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು. ಅಜ್ಜಿ ಹೋಗಿ ಎರಡು ವರ್ಷವಾಯಿತು. ಹಲ್ಲಿ ಲೊಚಗುಟ್ಟುತ್ತಲೇ ಇದೆ, ಸುಮ್ನೆ.

ಇದನ್ನು ಬರೆಯುವಾಗ ಮೇಲಿಂದ ಲೊಚ್ ಅಂತ ಕೇಳಿತು. ನನಗೇ ಗೊತ್ತಿಲ್ಲದೆ ಬೆರಳು ಮಂಚ ತಟ್ಟಿತು. ಬೆರಳು ಅಲ್ಲಾಡಿದ್ದನ್ನು ಚಿನ್ನಿ ನೋಡಿಬಿಟ್ಟಿದ್ದಾಳೆ. ಹಿಂಭಾಗ ಕುಲುಕಲು ಶುರುವಾಗಿದೆ.