ನೋಟಕ್ಕೂ ಕ್ಯೂ, ಊಟಕ್ಕೂ ಕ್ಯೂ

ರೆಸ್ಟೋರೆಂಟ್ ಬಾಗಿಲಲ್ಲಿ ನಿಂತ ಹುಡುಗ ನಗುನಗುತ್ತಾ "ಇನ್ನೊಂದು ಮುಕ್ಕಾಲು ಗಂಟೆ ಆಗುತ್ತೆ ಸರ್" ಅಂದಾಗ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಕಿಟಕಿ ಪಕ್ಕದ ಟೇಬಲ್‌ಗಳೆಲ್ಲ ಖಾಲಿ! "ಅವು ರಿಸರ್ವ್ಡ್ ಸರ್." ಯಾರಿಗಪ್ಪಾ, ದೆವ್ವಗಳಿಗಾ?

ದೊಡ್ಡ ನಗರಕ್ಕೆ ಚುಟುಕು ಪ್ರವಾಸ ಅಂದರೆ ದುಡ್ಡು ಕೊಟ್ಟು ಸಾಲಿನಲ್ಲಿ ನಿಲ್ಲುವುದು, ಅಷ್ಟೇ. ಬೆಳಗ್ಗೆ ಬಂದಿಳಿದರೆ ರೂಮು ಸಿಗುವುದು ಮಧ್ಯಾಹ್ನದ ಮೇಲೆ. ಮ್ಯೂಸಿಯಂಗೆ ಹೋಗೋಣ ಅಂದರೆ ಸೋಮವಾರ ರಜೆ. ಜಾಣತನ ಮಾಡಿ ಮಂಗಳವಾರ ಇಟ್ಟುಕೊಂಡರೆ, ಪ್ಯಾರಿಸ್‌ನ ಲೂವ್ರ್‌ಗೆ ಅವತ್ತೇ ರಜೆ! ತೆರೆದಿದ್ದರೂ ಏನು ಕಾಣುತ್ತದೆ ಹೇಳಿ? ಮೋನಾಲಿಸಾ ಚಿತ್ರ ಇರುವುದೇ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಅದರ ಮುಂದೆ ಎತ್ತಿ ಹಿಡಿದ ಫೋನುಗಳ ಕಾಡು. ಮುಂದಿನವನ ಸ್ಕ್ರೀನಿನಲ್ಲಿ ಅವಳ ನಗು ನೋಡಿಕೊಂಡು ಬರಬೇಕು. ಹಿಂದಿನಿಂದ ಯಾರದೋ ಮೊಣಕೈ ಬೆನ್ನಿಗೆ ಕುಟ್ಟುತ್ತಿರುತ್ತದೆ, ಅದು ಬೇರೆ.

ಇನ್ನು ಗೋಪುರ, ಗಡಿಯಾರ? ಲಂಡನ್ನಿನ ಬಿಗ್ ಬೆನ್ ಗೋಪುರಕ್ಕೆ 2017ರಲ್ಲಿ ಶುರುವಾದ ರಿಪೇರಿ ಮುಗಿದದ್ದು 2022ರಲ್ಲಿ. ಆ ವರ್ಷಗಳಲ್ಲಿ ಹೋದವರ ಆಲ್ಬಂ ತೆಗೆದು ನೋಡಿ, ಕಬ್ಬಿಣದ ಸರಳುಗಳ ಮುಂದೆ ಹಲ್ಲು ಕಿರಿದು ನಿಂತಿರುತ್ತಾರೆ ಪಾಪ.

ಕಾಲು ಬಿದ್ದುಹೋಗುವಷ್ಟು ನಡೆದು ಕೊನೆಗೂ ಊಟಕ್ಕೆ ಕೂತರೆ ಮೆನು ಕಾರ್ಡೇ ಇಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಂತೆ. ಫೋನಿನ ಚಾರ್ಜ್ ಇಡೀ ದಿನ ಮ್ಯಾಪ್ ನೋಡಿಯೇ ಖಾಲಿಯಾಗಿರುತ್ತದೆ ಅಲ್ವಾ? ಅಗಲ ತಟ್ಟೆಯ ನಡುವೆ ಬರುವುದು ಎರಡು ತುತ್ತು. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಮಾತ್ರ ಯಾವ ಕ್ಯೂನಲ್ಲೂ ನಿಲ್ಲದೆ ಬಂದು ಕೂತಿರುತ್ತದೆ!