ದಾರೀಲೇ ಇದೆಯಲ್ಲಮ್ಮಾ!

ದಸರಾ ರಜೆಗೆ ಒಂದು ವಾರ ಕಾರಿನಲ್ಲಿ ಬೆಟ್ಟದ ಕಡೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು. ಚಿಕ್ಕಮಗಳೂರು, ಒಂದು ಹೋಂಸ್ಟೇ, ಮುಳ್ಳಯ್ಯನಗಿರಿ, ಆಮೇಲೆ ಕೆಮ್ಮಣ್ಣುಗುಂಡಿ. ಮಿಕ್ಕಂತೆ ಕಾಲು ಚಾಚಿ ಕೂತು ಮಂಜು ನೋಡೋದು, ಬೇರೆ ಯಾರೋ ಮಾಡಿಕೊಟ್ಟ ಅಕ್ಕಿರೊಟ್ಟಿ ತಿನ್ನೋದು. ನನ್ನ ಪ್ಲ್ಯಾನ್ ಇಷ್ಟೇ ಇತ್ತು. ನಿನ್ನೆ ರಾತ್ರಿ ಊಟವಾದ ಮೇಲೆ ಮಾವನವರು ಕನ್ನಡಕ ಹಾಕಿಕೊಂಡು, ಡೈರಿ ಹಿಡಿದುಕೊಂಡು ಬಂದು ಕೂತರು. ಈಗ ಆ ಡೈರಿಯಲ್ಲಿ ಬೆಟ್ಟ ಎಲ್ಲಿದೆ ಅಂತ ಹುಡುಕಬೇಕು.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ರಜೆಯ ದಿನ ನೆಲಮಂಗಲ ದಾಟೋದೇ ಅರ್ಧ ಪ್ರಯಾಣ ಅನ್ನೋದು ನಿಮಗೂ ಗೊತ್ತು. ಆದರೂ ಊಟದ ಹೊತ್ತಿಗೆ ತಲುಪಬಹುದು. ಮಾವ ಪೆನ್ನಿನ ಕ್ಯಾಪ್ ತೆಗೆದರು. "ಎಡೆಯೂರು ಹೈವೇ ಪಕ್ಕದಲ್ಲೇ ಇದೆ. ಸಿದ್ಧಲಿಂಗೇಶ್ವರನಿಗೆ ಒಂದು ಕೈ ಮುಗಿದು ಹೋದರಾಯ್ತು." ಸರಿ. "ಬೆಳ್ಳೂರು ಕ್ರಾಸ್ ಬಂತಲ್ಲ, ಆದಿಚುಂಚನಗಿರಿ ದಾರೀಲೇ ಇದೆಯಲ್ಲಮ್ಮಾ." ಸರಿ. "ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ ಎಷ್ಟು ದೂರ ಮಹಾ!"

ಇಲ್ಲಿ ನಾನು ಬಾಯಿ ಬಿಟ್ಟೆ. "ಮಾವ, ನಾವು ಹೊರಟಿರೋದು ಬೆಟ್ಟಕ್ಕೆ."

"ಗೊಮ್ಮಟ ನಿಂತಿರೋದು ಎಲ್ಲಿ? ಬೆಟ್ಟದ ಮೇಲೇ ಅಲ್ವಾ?"

ಇದಕ್ಕೆ ಏನು ಹೇಳೋಣ? ಆ ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲಲ್ಲಿ ಹತ್ತಬೇಕು. ಮಂಡಿನೋವು ಅಂತ ನಮ್ಮ ಮನೆಯ ಮಹಡಿಯನ್ನೇ ಹತ್ತದ ಮನುಷ್ಯ ಇವರು. ನಮ್ಮೆಜಮಾನರ ಮುಖ ನೋಡಿದೆ. ಅವರು ಫೋನಿನಲ್ಲಿ ತುಂಬಾ ಮುಖ್ಯವಾದದ್ದೇನೋ ಓದುತ್ತಿದ್ದರು. ಅಪ್ಪ ಮಾತಾಡುವಾಗ ಅವರಿಗೆ ಯಾವಾಗಲೂ ಮುಖ್ಯವಾದದ್ದೇ ಬರುತ್ತದೆ.

ಒಬ್ಬ ಗೊಮ್ಮಟನಿಗೆ ಒಪ್ಪಿದ್ದೇ ತಡ, ಉಳಿದವರೂ ಹಿಂದೆಯೇ ಬಂದರು. "58 ಅಡಿಯದನ್ನು ನೋಡಿ 42 ಅಡಿಯದನ್ನು ಬಿಟ್ಟರೆ ಏನು ಚೆಂದ?" ಅಂದರೆ ಕಾರ್ಕಳ. ಶೃಂಗೇರಿಗೆ ಹೋದಮೇಲೆ ಆಗುಂಬೆ ಹತ್ತಿರ, ಆಗುಂಬೆ ಘಾಟಿ ಇಳಿದರೆ ಕಾರ್ಕಳ ದೂರವೇನಲ್ಲ ಅನ್ನೋದು ಅವರ ಲೆಕ್ಕ. ಕಾರ್ಕಳದವರೆಗೆ ಹೋಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡದೆ ಬರೋದಾ? ಅಲ್ಲಿಂದ ಧರ್ಮಸ್ಥಳ. ಅಲ್ಲೂ ಒಬ್ಬ ಗೊಮ್ಮಟ, 39 ಅಡಿ, ಅವನೂ ಗುಡ್ಡದ ಮೇಲೆ. ನಡುವೆ ವೇಣೂರು, 35 ಅಡಿ.

"ಮಾವ, ವೇಣೂರಿನದು ಬೆಟ್ಟದ ಮೇಲಿಲ್ಲ. ನದಿ ದಂಡೆಯಲ್ಲಿದೆ." ಗೆದ್ದೆ ಅಂದುಕೊಂಡೆ.

"ದಾರೀಲೇ ಇದೆಯಲ್ಲಮ್ಮಾ" ಅಂದರು, ಬರೆದುಕೊಂಡರು.

ಬೆಟ್ಟದ ತಂಪಿಗೆ ಅಂತ ಹೊರಟ ಸಂಸಾರ ಆಗುಂಬೆಯ 14 ತಿರುವು ಇಳಿದು ಕರಾವಳಿಯ ಸೆಕೆಯಲ್ಲಿ ಗೊಮ್ಮಟರ ಎತ್ತರ ಹೋಲಿಸಿ ನೋಡುತ್ತಾ, ಚಾರ್ಮಾಡಿ ಘಾಟಿ ಹತ್ತಿ ವಾಪಸ್ ಬರಬೇಕು. ಮಗಳಿಗೆ ಫ್ಲೈಓವರ್ ಏರಿದರೇ ಹೊಟ್ಟೆ ತೊಳಸುತ್ತದೆ. ಅವಳಿಗೆ ಮುಂದಿನ ಸೀಟು, ಕೈಗೊಂದು ನಿಂಬೆಹಣ್ಣು. ದಾರಿ ತೋರಿಸೋಕೆ ಮಾವನಿಗೂ ಮುಂದಿನ ಸೀಟೇ ಬೇಕು. ಮ್ಯಾಪ್ ಹೇಳಿದ ಕಡೆಗೆಲ್ಲ "ಹಂಗಲ್ಲ, ಹಿಂಗೆ ತಿರುಗಿಸು" ಅನ್ನದಿದ್ದರೆ ಅವರಿಗೆ ತಿಂದದ್ದು ಅರಗೋದಿಲ್ಲ.

ಅತ್ತೆ ಅಷ್ಟು ಹೊತ್ತೂ ಬಟ್ಟೆ ಮಡಚುತ್ತಾ ಸುಮ್ಮನಿದ್ದರು. ಬೇಲೂರಿನ ಹೆಸರು ಬಂದಾಗ ಮಾತ್ರ ತಲೆ ಎತ್ತಿದರು. ಅವರ ತವರು ಕೊಪ್ಪ. ಮಕ್ಕಳು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಟ್ರಂಕು ಹೊತ್ತು ಬಸ್ಸಿನಲ್ಲಿ ಇದೇ ದಾರಿಯಲ್ಲಿ ಹೋಗುತ್ತಿದ್ದರಂತೆ. ಬೇಲೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಮಾವ ಇಳಿದು ಮಕ್ಕಳಿಗೆ ಬಾಳೆಹಣ್ಣು ತರುತ್ತಿದ್ದರು, ಹೋಗುವಾಗೊಮ್ಮೆ "ಮುಂದಿನ ಸಲ ಇಳಿದು ದೇವಸ್ಥಾನ ನೋಡೋಣ" ಅನ್ನುತ್ತಿದ್ದರು. ಅತ್ತೆಗೆ ಬೇಲೂರಿನ ಬಸ್ ಸ್ಟ್ಯಾಂಡ್ ಬಾಯಿಪಾಠ. ಚೆನ್ನಕೇಶವನನ್ನು ಇವತ್ತಿಗೂ ನೋಡಿಲ್ಲ. ಅವರು ಇದನ್ನು ದೂರಿನ ಹಾಗೆ ಹೇಳಲೂ ಇಲ್ಲ. ಮಾವ ಡೈರಿಯಲ್ಲಿ ತಲೆ ತಗ್ಗಿಸಿ ಏನೋ ತಿದ್ದುತ್ತಿದ್ದರು.

ಇದನ್ನು ಕೇಳಿದ ಮೇಲೆ ಬೇಲೂರು ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ವೇಣೂರು ಬೇಡ ಅನ್ನೋಕೆ ಈಗಲೂ ಬರುತ್ತದೆ.

ಬೆಳಗ್ಗೆ ಎದ್ದು ನೋಡಿದರೆ ಅತ್ತೆ ಕೋಡುಬಳೆಗೆ ಹಿಟ್ಟು ಕಲಸಿ ಕೂತಿದ್ದಾರೆ. ಪಕ್ಕದಲ್ಲಿ ಪುಳಿಯೋಗರೆ ಗೊಜ್ಜಿನ ಡಬ್ಬಿ. "ಆ ಹೋಂಸ್ಟೇಲಿ ಊಟ ಹೆಂಗಿರುತ್ತೋ ಏನೋ, ಚಿಕ್ಕ ಕುಕ್ಕರ್ ಇಟ್ಕೊಳ್ಳೋಣ್ವಾ?" ಅಂತ ಕೇಳಿದರು. ಡಿಕ್ಕಿಯಲ್ಲಿ ಜಾಗ ಇಲ್ಲ ಅಂದೆ. ಹಾಗಾದರೆ ಕಾಲ ಹತ್ತಿರ ಇಟ್ಟುಕೊಳ್ಳುತ್ತಾರಂತೆ. ಯಾರ ಕಾಲ ಹತ್ತಿರ ಅಂತ ಹೇಳಲಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಮುಳ್ಳಯ್ಯನಗಿರಿಗೆ ಈಗ ಸುಮ್ಮನೆ ಕಾರು ನುಗ್ಗಿಸುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಅಂತಿದೆ. 1930 ಮೀಟರ್, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಶಿಖರ. ಡೈರಿಯಲ್ಲಿ ಅದಕ್ಕೆ ಕೊನೆಯ ದಿನ ಸಿಕ್ಕಿದೆ. ಅದೂ "ಟೈಮ್ ಇದ್ದರೆ" ಅಂತ ಪಕ್ಕದಲ್ಲಿ ಬರೆದು. ಮಾವ ಸ್ನಾನಕ್ಕೆ ಹೋಗಿದ್ದರು. ಮಂಗಳವಾರ, ಬೆಳಗಿನ ಪಾಳಿ ಅಂತ ಒತ್ತಿ ದುಡ್ಡು ಕಟ್ಟಿಬಿಟ್ಟೆ. ಡೈರಿಯಲ್ಲಿ ಮಂಗಳವಾರ ಹೊರನಾಡು ಇದೆ. ಅವರಿಗೆ ಇನ್ನೂ ಹೇಳಿಲ್ಲ.