ಪರ-ವಿರೋಧ: ಸೈನಿಕರಿಗೆ ಡ್ರೆಸ್ ದುಡ್ಡು ಸಾಕಾ, ಹೊಲಿದ ಬಟ್ಟೆಯೇ ಬೇಕಾ?

ಪರ: ದುಡ್ಡು ಬೇಡ, ನೆಟ್ಟಗೆ ಹೊಲಿದ ಬಟ್ಟೆ ಕೊಡಿ
(ಯೋಧರೊಬ್ಬರ ಪತ್ನಿ, ಬಳ್ಳಾರಿ)

ನಮ್ಮನೆಯವರು ಸೇನೆಯಲ್ಲಿ ನಾಯಕ್. ನಾನು ಮಕ್ಕಳ ಜೊತೆ ಬಳ್ಳಾರಿಯಲ್ಲಿದ್ದೇನೆ. ರಜೆಗೆ ಬರುವಾಗ ಅವರ ಟ್ರಂಕಿನಲ್ಲಿ ಮಕ್ಕಳಿಗೆ ಮಿಠಾಯಿ ಇರುತ್ತದೆ, ನನಗೆ ಹರಿದ ಪ್ಯಾಂಟು ಇರುತ್ತದೆ. ಪ್ರತಿ ಸಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಯಾಕಂದ್ರೆ ಪಕ್ಕದ ಮನೆಯವರಿಗೆಲ್ಲ ಮಿಲಿಟರಿಯವರಿಗೆ ಎಲ್ಲಾ ಪುಕ್ಕಟೆ ಅನ್ನೋ ನಂಬಿಕೆ. ಏಳನೇ ವೇತನ ಆಯೋಗ ಬಂದ ಮೇಲೆ 2017ರ ಜುಲೈನಿಂದ ಡ್ರೆಸ್ ಭತ್ಯೆ ಅಂತ ಒಂದು ಮಾಡಿದರು. ಅಧಿಕಾರಿಗಳಿಗೆ ವರ್ಷಕ್ಕೆ 20,000, ಜವಾನರಿಗೆ 10,000. ಬಟ್ಟೆ ಒಗೆಯೋ ಭತ್ಯೆ, ಕಿಟ್ ನೋಡಿಕೊಳ್ಳೋ ಭತ್ಯೆ ಅಂತ ಬೇರೆ ಬೇರೆ ಇದ್ದದ್ದೆಲ್ಲ ಇದರೊಳಗೇ ಸೇರಿಹೋಯಿತು. 2024ರಲ್ಲಿ ತುಟ್ಟಿಭತ್ಯೆ ಶೇ 50 ಮುಟ್ಟಿದಾಗ ಇದೂ ಶೇ 25 ಏರಿ 12,500 ಆಯಿತು. ತಿಂಗಳಿಗೆ ಭಾಗಿಸಿದರೆ ಸಾವಿರದ ಚಿಲ್ಲರೆ. ಸೋಪು, ಬೂಟ್ ಪಾಲಿಶು, ಇಸ್ತ್ರಿ, ಪೀಟಿ ಶೂ, ಬೆಲ್ಟು, ಎಲ್ಲಾ ಅದರಲ್ಲೇ. ಆ ದುಡ್ಡು ಬರೋದು ವರ್ಷಕ್ಕೊಂದೇ ಸಲ, ಜುಲೈ ಸಂಬಳದ ಜೊತೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಫೀಸಿನ ಎರಡನೇ ಕಂತು ಬಾಕಿ ಇರುತ್ತದೆ. ಖಾತೆಗೆ ಬಿದ್ದ ದುಡ್ಡಿನ ಮೇಲೆ ‘ಇದು ಪ್ಯಾಂಟಿಗೆ’ ಅಂತ ಬರೆದಿರುತ್ತಾ?

ಇನ್ನು ಕ್ವಾಲಿಟಿ. ಎರಡು ವರ್ಷದ ಹಿಂದೆ ಅವರು ಉತ್ತರದ ಕಡೆ ಇದ್ದಾಗ ಗೇಟಿನ ಹೊರಗಿನ ಒಂದು ಅಂಗಡಿಯಲ್ಲಿ ಎರಡು ಜೊತೆ ಕೊಂಡರು. 4,200 ರೂಪಾಯಿ. ಮೂರೇ ಒಗೆತಕ್ಕೆ ಒಂದು ಪ್ಯಾಂಟು ತೊಡೆ ಸಂದಿಯಲ್ಲಿ ಬಿಟ್ಟುಕೊಂಡಿತು, ಅದೂ ಟ್ರೇನಿಂಗ್‌ನಲ್ಲಿ ಗೋಡೆ ಹತ್ತುವಾಗ, ಇಪ್ಪತ್ತು ಜನರ ಎದುರಿಗೆ. ರಜೆಗೆ ತಂದಾಗ ನಾನು ಅದನ್ನು ಕೌಲ್ ಬಜಾರಿನ ದರ್ಜಿ ಚಾಚಾ ಹತ್ತಿರ ಒಯ್ದೆ. ಮೂವತ್ತು ವರ್ಷದಿಂದ ಜೀನ್ಸ್ ಹೊಲಿಯೋ ಮನುಷ್ಯ. ಪ್ಯಾಂಟನ್ನು ಒಳಗು ಹೊರಗು ಮಾಡಿದರು, ಹೊಲಿಗೆಯ ದಾರಕ್ಕೆ ಉಗುರು ಹಾಕಿ ಮೆಲ್ಲಗೆ ಎಳೆದರು. ಪಟ್ ಅಂತು.

“ಅಕ್ಕಾ, ಇದು ಶರ್ಟ್ ಹೊಲಿಯೋ ದಾರ ಅದ. ನಾಲ್ಕು ಹೊಲಿಗೆ ಕೂಡೋ ಜಾಗ ಇದು, ಇಲ್ಲಿ ಒಂದೇ ಹೊಲಿಗೆ ಹಾಕ್ಯಾರ. ಮಡಿಕೆಗೆ ಬಟ್ಟೆನೂ ಬಿಟ್ಟಿಲ್ಲ, ನೋಡ್ರಿ. ನಾವು ನಾನೂರು ರೂಪಾಯಿ ಜೀನ್ಸಿಗೂ ಇಲ್ಲಿ ಎರಡು ಹಾಕ್ತೀವಿ.”

ಅರವತ್ತು ರೂಪಾಯಿ ತಗೊಂಡು ಜೀನ್ಸ್ ದಾರದಲ್ಲೇ ಹೊಲಿದುಕೊಟ್ಟರು. ಒಳಗಡೆ ಕಿತ್ತಳೆ ಬಣ್ಣದ ಹೊಲಿಗೆ, ಹೊರಗಡೆ ಕಾಣೋದಿಲ್ಲ. ಆ ಪ್ಯಾಂಟು ಇವತ್ತಿಗೂ ಇದೆ. ಅಂಗಡಿಯವರು ಹೊಲಿದದ್ದು ಮೂರು ಒಗೆತ, ಚಾಚಾ ಹೊಲಿದದ್ದು ಎರಡು ವರ್ಷ. ಆದರೆ ಶರ್ಟೂ ಪ್ಯಾಂಟೂ ಒಂದೇ ಅಂಗಡಿಯದಾದರೂ ನಮ್ಮ ಬೋರ್ ನೀರಿಗೆ ಒಂದು ಬೂದಿ ಬಣ್ಣಕ್ಕೆ ತಿರುಗಿತು, ಇನ್ನೊಂದು ಹಾಗೇ ಉಳಿಯಿತು. ಟರ್ನ್‌ಔಟ್ (ಉಡುಪಿನ ಅಚ್ಚುಕಟ್ಟು) ಸರಿ ಇಲ್ಲ ಅಂತ ಬೈಸಿಕೊಂಡದ್ದು ಅಂಗಡಿಯವನಲ್ಲ, ನಮ್ಮನೆಯವರು.

ಈಗಿನ ಹೊಸ ಕಾಂಬ್ಯಾಟ್ ಡ್ರೆಸ್, ಅಂದರೆ ಕಾರ್ಯಾಚರಣೆಯ ಯೂನಿಫಾರ್ಮ್, 2022ರ ಜನವರಿ 15ರ ಸೇನಾ ದಿನದಂದು ಬಂತು. ಫ್ಯಾಷನ್ ಕಲಿಸೋ ಕೇಂದ್ರದ ಸಂಸ್ಥೆ ನಿಫ್ಟ್‌ನವರ ಜೊತೆ ಸೇರಿ ಮಾಡಿದ್ದು, ಶೇ 70 ಹತ್ತಿ, ಶೇ 30 ಪಾಲಿಯೆಸ್ಟರ್. ಡಿಸೈನ್ ನೋಂದಾಯಿಸಿದ್ದಾರೆ, ಅನುಮತಿ ಇಲ್ಲದ ಅಂಗಡಿಯವರು ಮಾರುವಂತಿಲ್ಲ. ಒಳ್ಳೆಯದೇ, ಸಿಕ್ಕಸಿಕ್ಕವರೆಲ್ಲ ಅದನ್ನು ಹಾಕಿಕೊಂಡು ತಿರುಗಬಾರದು. ಜವಾನರಿಗೆ ಕೊಡೋಕೆ 11.70 ಲಕ್ಷ ಜೊತೆ ಖರೀದಿ ಮಾಡ್ತೀವಿ, ಒಂದು ಜೊತೆ 15 ತಿಂಗಳು ಬಾಳಬೇಕು ಅಂತಲೂ ಆಗಲೇ ಹೇಳಿದ್ದರು. ಅಂದರೆ ಹೊಲಿದು ಕೊಡೋಕೆ ಬರುತ್ತೆ ಅಂತ ಆಯ್ತಲ್ಲ! ಹಾಗಿದ್ದ ಮೇಲೆ ಎಲ್ಲವನ್ನೂ ಕೊಡಿ. ಮೈಮೇಲೆ ಒಂದು, ಹಗ್ಗದ ಮೇಲೆ ಒಂದು, ಇನ್ಸ್‌ಪೆಕ್ಷನ್ ದಿನಕ್ಕೆ ಇಸ್ತ್ರಿ ಮಾಡಿಟ್ಟದ್ದು ಒಂದು, ಮೂರು ಇಲ್ಲದೆ ಯಾವ ಜವಾನನಿಗೂ ಸಾಗೋದಿಲ್ಲ. ಲಾನ್ಸ್ ನಾಯಕ್‌ನಿಂದ ನಾಯಕ್‌ಗೆ ಬಡ್ತಿ ಆದರೆ ದರ್ಜೆಯ ಪಟ್ಟಿ ಒಂದರಿಂದ ಎರಡಾಗುತ್ತದೆ, ಪೋಸ್ಟಿಂಗ್ ಬದಲಾದರೆ ತೋಳಿನ ಮೇಲಿನ ಗುರುತು ಬದಲಾಗುತ್ತದೆ. ಎಲ್ಲಾ ಶರ್ಟಿಗೂ ಮತ್ತೆ ಹೊಲಿಗೆ, ಮತ್ತೆ ದುಡ್ಡು.

ದುಡ್ಡು ಕೊಟ್ಟರೆ ಬೇಕಾದ್ದು ಕೊಳ್ಳೋ ಸ್ವಾತಂತ್ರ್ಯ ಇರುತ್ತೆ ಅಂತ ಕೆಲವರು ಹೇಳ್ತಾರೆ. ಯೂನಿಫಾರ್ಮ್‌ನಲ್ಲಿ ಎಂಥಾ ಸ್ವಾತಂತ್ರ್ಯ ರೀ? ನಮ್ಮನೆಯವರು ಬೇಕು ಅಂದ್ರೆ ಅರ್ಧ ತೋಳು ಇಡಿಸಿಕೊಳ್ಳಬಹುದಾ?

ನಮ್ಮೂರಿನ ಜೀನ್ಸ್ ಕೆಲಸದ ಬೇರು ಬ್ರಿಟಿಷರ ಕಾಲದ ಕಂಟೋನ್ಮೆಂಟ್‌ನಲ್ಲಿದೆ, ಸೈನಿಕರ ಬಟ್ಟೆ ಹೊಲಿಯೋಕೆ ಬಂದ ದರ್ಜಿಗಳೇ ಇಲ್ಲಿ ನೆಲೆ ನಿಂತರು ಅಂತ ಹಿರಿಯರು ಹೇಳ್ತಾರೆ. ಆ ಕೆಲಸವನ್ನ ಮತ್ತೆ ಇಲ್ಲಿಗೇ ಕೊಡಿ. ಅಳತೆ ನಾನೇ ಕೊಡ್ತೀನಿ: ಸೊಂಟ 34, ಉದ್ದ 41.

ವಿರೋಧ: ದುಡ್ಡು ಕೈಯಲ್ಲಿದ್ದರೆ ಒಳ್ಳೆಯದು
(ನಿವೃತ್ತ ಹವಾಲ್ದಾರ್, ಗಂಗಾವತಿ)

ವಿರೋಧದ ಕಡೆಗೆ ಯಾರೂ ಸಿಗಲಿಲ್ಲ, ನೀವೇ ಬರೆದುಕೊಡಿ ಅಂದರು. ಮಿಲಿಟರಿಯವನು ಇಲ್ಲ ಅನ್ನೋದಿಲ್ಲ, ಬರೆಯುತ್ತಿದ್ದೇನೆ. ತಂಗಿಯ ಲೇಖನ ಓದಿದೆ. ಚೆನ್ನಾಗಿದೆ, ಸ್ವಲ್ಪ ಸಿಟ್ಟು ಜಾಸ್ತಿ.

ನಾನು 1988ರಲ್ಲಿ ಭರ್ತಿಯಾದೆ. ಆಗ ಈ ಡ್ರೆಸ್ ಭತ್ಯೆ ಇರಲಿಲ್ಲ, ಎಲ್ಲವನ್ನೂ ಸ್ಟೋರಿನಿಂದಲೇ ಕೊಡುತ್ತಿದ್ದರು, ಅಂದರೆ ತಂಗಿ ಈಗ ಕೇಳುತ್ತಿರುವ ಹಾಗೆಯೇ. ಅದರ ರುಚಿ ನನಗೆ ಗೊತ್ತು. ನನ್ನ ಕಾಲು ಏಳು ನಂಬರ್, ಸಿಕ್ಕಿದ್ದು ಎಂಟು. ಬಿಹಾರದ ಒಬ್ಬನ ಕಾಲು ಎಂಟು, ಅವನಿಗೆ ಸಿಕ್ಕಿದ್ದು ಏಳು. ಇಬ್ಬರೂ ಬೇರೆ ಬೇರೆ ಬ್ಯಾರಕ್, ಮುಖ ಪರಿಚಯ ಇಲ್ಲ. ನಾನು ಎರಡು ಜೊತೆ ಸಾಕ್ಸ್ ಹಾಕಿಕೊಂಡು ಓಡುತ್ತಿದ್ದೆ, ಅವನು ಕುಂಟುತ್ತಿದ್ದ. ಒಂದು ದಿನ ಮೆಸ್‌ನಲ್ಲಿ ಚಪಾತಿಯ ಸಾಲಿನಲ್ಲಿ ನಿಂತಾಗ ಅವನು ನನ್ನ ಕಾಲು ನೋಡಿದ, ನಾನು ಅವನ ಕಾಲು ನೋಡಿದೆ. ಅಲ್ಲೇ ಬದಲಾಯಿಸಿಕೊಂಡೆವು. ಇಪ್ಪತ್ತು ವರ್ಷಕ್ಕೂ ಮೇಲೆ ಗೆಳೆಯರಾಗಿ ಉಳಿದೆವು, ಅವನ ಮಗಳ ಮದುವೆಗೆ ನಾನು ಮೂರು ರೈಲು ಬದಲಿಸಿ ಹೋಗಿ ಬಂದೆ. ಅಲ್ಲಿ ಊಟಕ್ಕೆ ಹಾಕಿದ ಸಿಹಿ ಇನ್ನೂ ನೆನಪಿದೆ. ಇರಲಿ, ವಿಷಯ ಅದಲ್ಲ.

ಸರ್ಕಾರವೇ ಕೊಟ್ಟರೆ ಎಲ್ಲಾ ಸರಿಹೋಗುತ್ತೆ ಅನ್ನೋರು 2020ರ ಫೆಬ್ರುವರಿಯಲ್ಲಿ ಸಂಸತ್ತಿಗೆ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವವರು) ವರದಿ ನೋಡಬೇಕು. ಸಿಯಾಚಿನ್‌ನಂಥ ಎತ್ತರದ ಜಾಗದಲ್ಲಿ ಹಿಮದ ಕನ್ನಡಕ, ಬೂಟುಗಳ ಕೊರತೆ, ಹಳೇ ಬೂಟುಗಳನ್ನೇ ಮತ್ತೆ ಬಳಸಿದ್ದು, ಎಲ್ಲಾ ಅದರಲ್ಲಿದೆ. ದುಡ್ಡು ಕೈಯಲ್ಲಿದ್ದರೆ ಕನಿಷ್ಠ ಸರಿಯಾದ ನಂಬರಿನ ಬೂಟಾದರೂ ಕೊಳ್ಳಬಹುದು. (ಸಿಯಾಚಿನ್‌ನಲ್ಲಿ ಅಂಗಡಿ ಇಲ್ಲ ಅಂತ ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.)

ಜುಲೈ ದುಡ್ಡು ಶಾಲೆ ಫೀಸಿಗೆ ಹೋಯಿತು ಅಂತ ಬರೆದಿದ್ದಾರೆ. ಅದು ದುಡ್ಡಿನ ತಪ್ಪಾ? ಇವತ್ತು ಹೊಲಿದ ಪ್ಯಾಂಟು ಕೇಳ್ತಾರೆ, ನಾಳೆ ಇಸ್ತ್ರಿ ಮಾಡಿ ಮನೆಗೆ ಕಳಿಸಿ ಅಂತಾರೆ. ದಾರದ ವಿಷಯ ದರ್ಜಿಗಳಿಗೆ ಬಿಟ್ಟದ್ದು, ನಾನು ಅದಕ್ಕೆ ಹೋಗೋದಿಲ್ಲ.

ಈಗ ನಾನು ಒಂದು ಕಡೆ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಭತ್ಯೆಯೂ ಇಲ್ಲ, ಪುಕ್ಕಟೆ ಬಟ್ಟೆಯೂ ಇಲ್ಲ. ಎರಡು ಜೊತೆ ಕೊಟ್ಟು, ಅದರ 1,800 ರೂಪಾಯಿಯನ್ನು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಅದಕ್ಕೆ ಹೋಲಿಸಿದರೆ ವರ್ಷಕ್ಕೆ 12,500 ದೊಡ್ಡದೇ ಅಂತ ನನ್ನ ವಾದ. ನಮ್ಮ ಮನೆಯವಳಿಗೆ ಇಷ್ಟನ್ನು ಓದಿ ಹೇಳಿದೆ. ನಿಮ್ಮ ಪ್ಯಾಂಟು ಹೋದ ವಾರ ಎಲ್ಲಿ ಹರಿಯಿತು ಅಂತಲೂ ಬರೆಯಿರಿ ಅಂದಳು. ತಂಗಿ ಹೇಳಿದ ಜಾಗದಲ್ಲೇ. ಕೌಲ್ ಬಜಾರಿನಲ್ಲಿ ಆ ಚಾಚಾ ಅಂಗಡಿ ಯಾವ ಗಲ್ಲಿಯಲ್ಲಿದೆ ಅಂತ ಯಾರಾದರೂ ಕೇಳಿ ಹೇಳಿದರೆ ಉಪಕಾರ. ಭಾನುವಾರ ತೆರೆದಿರುತ್ತಾ?